ಸುಂಕದವನ ಮುಂದೆ ಸುಖದುಃಖ

ವರ್ಷಕ್ಕೊಮ್ಮೆ ಈ ವಾರ್ಷಿಕ ಸಂಚಿಕೆಗೆ ಲೇಖನಗಳನ್ನು ಕೇಳಿ ತರಗತಿಗಳಿಗೆ ಸುತ್ತೋಲೆ ಹೋದ ಮೇಲೆ, ವಾರದೊಳಗೆ ನಮ್ಮ ಮೇಜಿನ ಮೇಲೆ ಕಾಗದಗಳ ರಾಶಿಯೇ ಬೀಳುತ್ತದೆ. ಮೊದಲು ಸಂತೋಷವಾಗುತ್ತದೆ. ಒಂದೊಂದನ್ನೇ ಬಿಡಿಸಿ ನೋಡುತ್ತ ಹೋದಂತೆ ಆ ಸಂತೋಷ ಇಳಿಯುತ್ತ ಬರುತ್ತದೆ. ಹತ್ತು ಗಾದೆಗಳು, ಹನ್ನೆರಡು ಒಗಟುಗಳು, ಐದಾರು ನಗೆಹನಿಗಳು, ‘ನಿಮಗಿದು ಗೊತ್ತೆ?’ ಎಂಬ ತಲೆಬರಹದ ಕೆಳಗೆ ಜಗತ್ತಿನ ಅತಿ ಎತ್ತರದ ಪರ್ವತ, ಅತಿ ದೊಡ್ಡ ಮರುಭೂಮಿ. ಕೊನೆಯಲ್ಲಿ ಹೆಸರು, ತರಗತಿ, ವಿಭಾಗ. ಅದರ ಹಿಂದೆ ‘ಸಂಗ್ರಹ’ ಎಂಬ ಮೂರಕ್ಷರ. ಸಂಗ್ರಹಿಸುವುದು ತಪ್ಪೇನೂ ಅಲ್ಲ. ಆದರೆ ನಾನ್ನೂರು ಮಕ್ಕಳಿರುವ ಶಾಲೆಯಲ್ಲಿ ‘ಇದು ನಾನು ಕಂಡದ್ದು, ಇದು ನಾನು ಯೋಚಿಸಿದ್ದು’ ಎನ್ನುವ ಪುಟಗಳನ್ನು ಎಣಿಸಲು ಒಂದು ಕೈಯ ಬೆರಳುಗಳು ಸಾಕಾದರೆ, ಕನ್ನಡ ಮೇಷ್ಟ್ರಾದವರಿಗೆ ಚಿಂತೆಯಾಗದೆ ಇರುತ್ತದೆಯೆ?

ಪೋಷಕರ ಸಭೆಯಲ್ಲಿ ಕೇಳಿಬರುವ ಮಾತೂ ಇದಕ್ಕೆ ಹೊಂದಿಕೊಂಡೇ ಇರುತ್ತದೆ. “ನಮ್ಮ ಹುಡುಗಿ ಮಾತಿಗೆ ನಿಂತರೆ ಅರಳು ಹುರಿದ ಹಾಗೆ ಸಾರ್. ಎರಡು ಸಾಲು ಬರಿಯವ್ವಾ ಅಂದ್ರೆ ಪೆನ್ಸಿಲ್ ಕಚ್ಕೊಂಡು ಕೂತ್ಕೊತಾಳೆ. ಮನೇಲಿ ಏನು ಮಾಡಿಸ್ಬೇಕು, ನೀವೇ ಹೇಳಿ.” ಈ ಪ್ರಶ್ನೆಗೆ ಉತ್ತರ ನಮಗೆ ಗೊತ್ತಿದೆಯೆಂದು ಬಹಳ ವರ್ಷ ತಿಳಿದುಕೊಂಡಿದ್ದೆವು. ದಿನಕ್ಕೊಂದು ಪುಟ ಕಾಪಿ ಬರೆಸಿ, ವಾರಕ್ಕೊಂದು ಪ್ರಬಂಧ ಬರೆಸಿ, ಭಾನುವಾರ ಕೂರಿಸಿಕೊಂಡು ತಪ್ಪು ತಿದ್ದಿ ಎಂದು ಹೇಳಿ ಕಳಿಸುತ್ತಿದ್ದೆವು. ಆ ಔಷಧಿಯನ್ನು ನಮ್ಮ ಮನೆಯಲ್ಲೇ ಕುಡಿಸಿ ನೋಡಿದ ಮೇಲೆ ತಿಳಿದ ಸಂಗತಿಯನ್ನು ಈ ಬಾರಿ ಬರೆಯುತ್ತಿದ್ದೇವೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ ಆಗುತ್ತದೆ. ಆದರೆ ಮಕ್ಕಳಿಗೆ ‘ನಿಜವಾದದ್ದನ್ನು ಬರೆಯಿರಿ’ ಎಂದು ಉಪದೇಶಿಸುವವರು ತಮ್ಮ ಪಾಲಿನ ನಿಜವನ್ನು ಮುಚ್ಚಿಡುವುದು ನ್ಯಾಯವಲ್ಲ.

ಮೊದಲು ತರಗತಿಯ ಒಂದು ಸಂಗತಿ. ಒಂಬತ್ತನೆಯ ತರಗತಿಗೆ ‘ನಮ್ಮೂರ ಜಾತ್ರೆ’ ಎಂಬ ಪ್ರಬಂಧ ಕೊಟ್ಟಿದ್ದೆವು. ಪುಸ್ತಕಗಳು ಬಂದವು. ಮೂವತ್ತೆಂಟು ಪುಸ್ತಕಗಳಲ್ಲಿಯೂ ಒಂದೇ ಜಾತ್ರೆ! ಒಂದೇ ತೇರು, ಒಂದೇ ಬಳೆ ಅಂಗಡಿ, ಒಂದೇ ಮಿಠಾಯಿ ಅಂಗಡಿ, ಒಂದೇ ತಿರುಗುವ ತೊಟ್ಟಿಲು. ಕೊನೆಗೆ ‘ಹೀಗೆ ಜಾತ್ರೆಯು ಜನರಲ್ಲಿ ಒಗ್ಗಟ್ಟನ್ನು ಮೂಡಿಸುತ್ತದೆ’ ಎಂಬ ಒಂದೇ ಮುಕ್ತಾಯ. ಗೈಡಿನಲ್ಲಿ ಇದ್ದ ಜಾತ್ರೆ ಅದು. ಹಾಗೆ ಬರೆದವರಲ್ಲಿ ಗುಮಟಾಪುರದ ಹುಡುಗನೊಬ್ಬನೂ ಇದ್ದ.

ತಾಳವಾಡಿಯ ಸುತ್ತಿನವರಿಗೆ ಗುಮಟಾಪುರವನ್ನು ಪರಿಚಯಿಸಬೇಕಾಗಿಲ್ಲ. ದೀಪಾವಳಿ ಮುಗಿಯುತ್ತಲೇ ಅಲ್ಲಿ ಗೊರೆಹಬ್ಬ. ಮನೆಮನೆಯ ಕೊಟ್ಟಿಗೆಯಿಂದ ಸಗಣಿ ತಂದು ಬೀರೇಶ್ವರನ ಗುಡಿಯ ಬಳಿ ಗುಡ್ಡೆ ಹಾಕುತ್ತಾರೆ. ಪೂಜೆಯಾದ ಮೇಲೆ ಊರ ಗಂಡಸರೆಲ್ಲ ಅದರಲ್ಲಿ ಇಳಿದು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಾರೆ. ನೋಡಲು ಎರಡು ರಾಜ್ಯಗಳ ಜನ ಸೇರುತ್ತಾರೆ. ಇಂತಹ ಊರಿನ ಹುಡುಗ ಬಳೆ ಅಂಗಡಿ, ಮಿಠಾಯಿ ಅಂಗಡಿಯೆಂದು ಬರೆದಿದ್ದಾನೆ! ಕರೆದು ಕೇಳಿದೆವು: “ಏನಪ್ಪಾ, ನಿಮ್ಮೂರ ಹಬ್ಬ ಹೀಗೇ ಆಗುತ್ತದೆಯೆ?” ಹುಡುಗ ನಕ್ಕ. ಆಮೇಲೆ ಶುರುಮಾಡಿದ ನೋಡಿ: ಹಿಂದಿನ ದಿನವೇ ಎಮ್ಮೆಯ ಸಗಣಿಗೂ ಹಸುವಿನ ಸಗಣಿಗೂ ಲೆಕ್ಕ ಹಾಕುವುದು, ಉಂಡೆ ಗಟ್ಟಿಯಾಗದೆ ಕೈಯಲ್ಲೇ ಒಡೆದುಹೋಗುವುದು, ಮಾವನ ಬೆನ್ನಿಗೆ ಗುರಿಯಿಟ್ಟದ್ದು ಇನ್ನಾರಿಗೋ ಬಿದ್ದದ್ದು, ಮೂರು ದಿನ ಕಿವಿಯೊಳಗಿನಿಂದ ವಾಸನೆ ಹೋಗದೆ ಇದ್ದದ್ದು. ತರಗತಿಗೆ ತರಗತಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಇದನ್ನೇ ಏಕೆ ಬರೆಯಲಿಲ್ಲ?” ಎಂದೆವು. ಹುಡುಗ ಒಂದು ಕ್ಷಣ ಸುಮ್ಮನಿದ್ದು, “ಇದನ್ನೆಲ್ಲ ಬರೀಬೋದಾ ಸಾರ್? ಮಾರ್ಕು ಕೊಡ್ತೀರಾ?” ಎಂದು ಕೇಳಿದ.

ಆ ಪ್ರಶ್ನೆಯನ್ನು ನಾವು ಮರೆತಿಲ್ಲ. ಅವನಲ್ಲಿ ಮಾತಿಗೆ ಕೊರತೆಯಿರಲಿಲ್ಲ, ಕಂಡದ್ದಕ್ಕೆ ಕೊರತೆಯಿರಲಿಲ್ಲ, ಹಾಸ್ಯಕ್ಕೂ ಕೊರತೆಯಿರಲಿಲ್ಲ. ಬರೆದದ್ದನ್ನು ಓದುವವನು ಸುಂಕದ ಕಟ್ಟೆಯ ಮನುಷ್ಯ, ಅವನು ಗಂಟು ಬಿಚ್ಚಿ ನೋಡುವುದು ತೆರಿಗೆ ಹಾಕುವುದಕ್ಕೇ ಹೊರತು ಬೇರೆ ಯಾವುದಕ್ಕೂ ಅಲ್ಲ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ನಾವೇ ಹತ್ತಾರು ಬಾರಿ ವಿಸ್ತರಿಸಿ ಬರೆಯಿರೆಂದು ಮಕ್ಕಳಿಗೆ ಕೊಟ್ಟಿದ್ದೇವೆ. ಅದರಲ್ಲಿನ ಸುಂಕದವನು ನಾವೇ ಎಂದು ಹೊಳೆದಿರಲಿಲ್ಲ. ಹೊಳೆದದ್ದು ಉಕ್ಕಡದ ನಮ್ಮ ಮನೆಯಲ್ಲಿ.

ಈ ಶಾಲೆಯಲ್ಲಿ ನಾವು ವಾರವೆಲ್ಲ ಬೆಟ್ಟದ ಮೇಲಿದ್ದರೂ ನಮ್ಮ ಸಂಸಾರ ಇರುವುದು ಕೊಯಮತ್ತೂರಿನ ಉಕ್ಕಡದಲ್ಲಿ. ವಾರದ ಕೊನೆಗೆ ತಾಳವಾಡಿಯಲ್ಲಿ ಬಸ್ಸು ಹತ್ತಿ, ಹಾಸನೂರು ದಾಟಿ, ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಬಸ್ಸಿನಿಂದಲೇ ಕೈಮುಗಿದು, ಸತ್ಯಮಂಗಲದಲ್ಲಿ ಬಸ್ಸು ಬದಲಿಸಿ ಹೋಗುತ್ತೇವೆ. ಈಗ ಈರೋಡು ಜಿಲ್ಲೆಯೆಂದೂ ಕೊಯಮತ್ತೂರು ಜಿಲ್ಲೆಯೆಂದೂ ಎರಡಾಗಿದ್ದರೂ ೧೯೭೯ರವರೆಗೆ ಇದೆಲ್ಲ ಒಂದೇ ಜಿಲ್ಲೆ. ೧೯೫೬ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಆದ್ದರಿಂದ ಆ ಊರಿನಲ್ಲಿ ಕನ್ನಡ ಹೊಸದಾಗಿ ಬಂದ ನೆಂಟನೇನಲ್ಲ.

ನಮ್ಮದು ನೇಕಾರರ ಮನೆತನ. ಕನ್ನಡ ಮಾತನಾಡುವ ದೇವಾಂಗದವರು ಕೊಯಮತ್ತೂರಿನಲ್ಲಿ ತಲೆಮಾರುಗಳಿಂದ ಇದ್ದಾರೆ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಹೊರಗೆ ತಮಿಳು. ಆದರೆ ಆ ಕನ್ನಡ ಬಾಯಲ್ಲಿ ಮಾತ್ರ ಉಂಟು, ಕೈಯಲ್ಲಿ ಇಲ್ಲ. ನಮ್ಮ ಮನೆಯ ಲಗ್ನಪತ್ರಿಕೆ, ನೂಲಿನ ಲೆಕ್ಕ, ನೆಂಟರಿಗೆ ಕಾಗದ, ಎಲ್ಲವೂ ತಮಿಳಿನಲ್ಲೇ. ನಾವು ಸಹ ಐದನೆಯ ತರಗತಿಯವರೆಗೆ ತಮಿಳಿನಲ್ಲಿ ಓದಿ, ಆಮೇಲೆ ಚಾಮರಾಜನಗರದ ಸೋದರಮಾವನ ಮನೆ ಸೇರಿ ಕನ್ನಡದಲ್ಲಿ ಓದಿದವರು. ನಮಗೆ ಕನ್ನಡದ ಅಕ್ಷರ ಕೂಡಿಸಿಕೊಟ್ಟದ್ದು ‘ಚಂದಮಾಮ’. ೧೯೪೭ರಲ್ಲಿ ಮದರಾಸಿನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿ ಆಮೇಲೆ ಕನ್ನಡದಲ್ಲೂ ಬಂದ ಆ ಪತ್ರಿಕೆ ಈಗ ನಿಂತುಹೋಗಿದೆ. ಉಕ್ಕಡದಲ್ಲಿ ಓದಿದ್ದ ‘ಅಂಬುಲಿಮಾಮಾ’ದ ಅದೇ ವಿಕ್ರಮ, ಅದೇ ಬೇತಾಳ, ಅದೇ ಸ್ಮಶಾನ ಮಾವನ ಮನೆಯಲ್ಲಿ ಕನ್ನಡ ಅಕ್ಷರಗಳ ನಡುವೆ ಕಂಡಾಗ ಆದ ಆನಂದವನ್ನು ಹೇಗೆ ಹೇಳುವುದು! ಆ ಚಿತ್ರಗಳನ್ನು ಬರೆದ ಶಂಕರ್ (೧೯೨೪–೨೦೨೦) ಧಾರಾಪುರದ ಕಡೆಯ ಹಳ್ಳಿಯವರು, ಅಂದರೆ ನಮ್ಮ ಕಡೆಯವರೇ, ಎಂಬುದು ದೊಡ್ಡವರಾದ ಮೇಲೆ ತಿಳಿಯಿತು.

ನಮ್ಮ ಮಗಳು ಓದುವುದು ಕೊಯಮತ್ತೂರಿನಲ್ಲಿ, ತಮಿಳಿನಲ್ಲಿ. ೨೦೨೦ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿ ನಾವೂ ತಿಂಗಳುಗಟ್ಟಲೆ ಮನೆಯಲ್ಲೇ ಉಳಿದಾಗ ಅವಳಿಗೆ ಕನ್ನಡ ಅಕ್ಷರ ಕಲಿಸಿದೆವು. ಕಲಿತಳು. ಆದರೆ ಕನ್ನಡದಲ್ಲಿ ಏನಾದರೂ ಬರೆ ಎಂದರೆ ಒಲ್ಲೆ ಎನ್ನುತ್ತಿದ್ದಳು. ೨೦೨೨ರಲ್ಲಿ, ಅವಳು ಐದನೆಯ ತರಗತಿಯಲ್ಲಿದ್ದಾಗ, ಒಂದು ಶನಿವಾರ ನಾವು ಮನೆಗೆ ಹೋಗುತ್ತಲೇ ಮಡಿಸಿದ ಕಾಗದವೊಂದನ್ನು ಕೈಗಿಟ್ಟು ಬಾಗಿಲ ಹಿಂದೆ ನಿಂತಳು. ನಮಗೆ ಬರೆದ ಪತ್ರ! ಯಾರೂ ಹೇಳಿರಲಿಲ್ಲ, ತಾನಾಗಿಯೇ ಬರೆದದ್ದು.

ಬಿಡಿಸಿ ನೋಡಿದೆವು. ಮುಕ್ಕಾಲು ಪಾಲು ಕನ್ನಡ ಅಕ್ಷರ. ಒತ್ತಕ್ಷರ ಬಾರದ ಕಡೆ ತಮಿಳು ಅಕ್ಷರವನ್ನೇ ಹಾಕಿ ಮುಂದೆ ಹೋಗಿದ್ದಾಳೆ. ತಮಿಳಿನಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ, ಪಕಾರ ಬಕಾರಗಳಿಗೂ ಒಂದೇ, ಮಹಾಪ್ರಾಣಗಳು ಇಲ್ಲವೇ ಇಲ್ಲ. ಆ ಅಭ್ಯಾಸ ಕನ್ನಡಕ್ಕೂ ಬಂದು ‘ಗಾಳಿ’ ‘ಕಾಳಿ’ಯಾಗಿದೆ, ‘ಬಾಗಿಲು’ ‘ಪಾಕಿಲು’ ಆಗಿದೆ. ಸೇತುವೆ ಎನ್ನುವ ಕಡೆ ‘ಪಾಲಂ’. ‘ಎಲ್ಲಿ’ ಎಂಬುದು ‘ಯೆಲ್ಲಿ’. ನಮ್ಮ ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು ಸದಾ ಇರುವಂಥದು. ಕೈ ತಾನಾಗಿ ಅಲ್ಲಿಗೆ ಹೋಯಿತು. ಕೂತಲ್ಲೇ ಹತ್ತೊಂಬತ್ತು ತಪ್ಪುಗಳಿಗೆ ಸುತ್ತು ಹಾಕಿ, ಸರಿಯಾದ ರೂಪಗಳನ್ನು ಪಕ್ಕದಲ್ಲಿ ಬರೆದು, “ಚೆನ್ನಾಗಿದೆ ಮರಿ, ಇವನ್ನು ಐದೈದು ಸಲ ಬರೆದುಬಿಡು” ಎಂದು ಹಿಂದಿರುಗಿಸಿದೆವು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ಮಗಳು ಐದೈದು ಸಲ ಬರೆದಳು. ಆಮೇಲೆ ಎರಡು ವರ್ಷ ನಮಗಾಗಿ ಒಂದಕ್ಷರವನ್ನೂ ಬರೆಯಲಿಲ್ಲ.

ನಾವು ಮಾಡದ ಉಪಾಯವಿಲ್ಲ. ಹೊಸ ನೋಟುಬುಕ್ಕು ತಂದೆವು, ಬಣ್ಣದ ಪೆನ್ಸಿಲುಗಳನ್ನು ತಂದೆವು, ಪಕ್ಕದ ಬೀದಿಯ ಹುಡುಗಿ ಬಹುಮಾನ ಗೆದ್ದ ಕತೆ ಹೇಳಿದೆವು. ಬೈದದ್ದೂ ಉಂಟು. “ನಂಗೆ ಬರಲ್ಲಪ್ಪಾ” ಎಂಬುದೊಂದೇ ಉತ್ತರ. ಕನ್ನಡ ಮೇಷ್ಟ್ರ ಮಗಳಿಗೇ ಕನ್ನಡ ಬರೆಯಲು ಬೇಸರವೆಂದು ನಾವು ನಾಲ್ಕು ಜನರ ಮುಂದೆ ಹೇಳಿ ನಕ್ಕದ್ದೂ ಇದೆ. ಅದನ್ನು ಅವಳು ಕೇಳಿಸಿಕೊಂಡದ್ದೂ ಇದೆ.

ಒಂದು ಭಾನುವಾರ ರಾತ್ರಿ ನಮ್ಮ ತಾಯಿಯವರ ಮುಂದೆ ಈ ಗೋಳನ್ನೇ ತೋಡಿಕೊಳ್ಳುತ್ತಿದ್ದೆವು. ಅವರು ಕಣ್ಣು ಮಂಜಾಗುವವರೆಗೆ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಿದವರು. ಓದು ಬರಹ ಇಲ್ಲ. “ಅವತ್ತೊಂದು ದಿನ ಕಾಗ್ದ ಬರೆದಿತ್ತಲ್ಲಪ್ಪ ಮಗು, ಏನು ಬರೆದಿತ್ತು?” ಎಂದು ಕೇಳಿದರು.

“ಹತ್ತೊಂಬತ್ತು ತಪ್ಪಿತ್ತವ್ವ” ಎಂದೆವು.

“ತಪ್ಪು ಎಷ್ಟು ಅಂತ ನಾ ಕೇಳಲಿಲ್ಲ. ಏನು ಬರೆದಿತ್ತು ಅಂದೆ.”

ನಮಗೆ ಉತ್ತರ ಗೊತ್ತಿರಲಿಲ್ಲ. ತಪ್ಪುಗಳ ಸಂಖ್ಯೆ ನೆನಪಿತ್ತು. ಪತ್ರದಲ್ಲಿ ಏನಿತ್ತೆಂಬುದು ನೆನಪಿರಲಿಲ್ಲ. ತಾಯಿಯವರು ನಮ್ಮ ಮುಖ ನೋಡಿ ಮೆಲ್ಲಗೆ ಹೇಳಿದರು: “ಎಳೆ ತುಂಡಾದ್ರೆ ಗಂಟು ಹಾಕಿ ಮುಂದಕ್ಕೆ ನೇಯ್ತಾರೆ ಕಣಪ್ಪ. ಮಗ್ಗಾನೇ ನಿಲ್ಲಿಸ್ತಾರಾ?”

ಎಲ್ಲರೂ ಮಲಗಿದ ಮೇಲೆ ಹಳೆಯ ಕಾಗದಗಳ ಪೆಟ್ಟಿಗೆಯಲ್ಲಿ ಹುಡುಕಿ ಆ ಪತ್ರವನ್ನು ತೆಗೆದು ಮೊದಲ ಬಾರಿಗೆ ಓದಿದೆವು. ಆಗ ನಮ್ಮ ಬೀದಿಯ ತುದಿಯಲ್ಲಿ ಉಕ್ಕಡದಿಂದ ಆತ್ತುಪಾಲಂ ಕಡೆಗೆ ಮೇಲ್ಸೇತುವೆ ಕಟ್ಟುತ್ತಿದ್ದರು. ಕಂಬಗಳು ದಿನದಿಂದ ದಿನಕ್ಕೆ ಬೆಳೆಯುವುದನ್ನು ಮಗಳು ಮಹಡಿಯಿಂದ ನೋಡಿ ಬರೆದಿದ್ದಳು: ‘ಕಂಬಕ್ಕೆ ತಲೆ ಇಲ್ಲ, ತಲೆ ಯಾವಾಗ ಬರುತ್ತೆ ಅಂತ ಅಜ್ಜಿ ಕೇಳುತ್ತೆ.’ ಕೊನೆಯ ಸಾಲು ಹೀಗಿತ್ತು: ‘ಅಪ್ಪಾ, ನೀನು ಬರೋ ಬಸ್ಸು ಬೆಟ್ಟದಲ್ಲಿ ತಿರುಗುವಾಗ ನನಗೆ ಇಲ್ಲಿ ಬಯ ಆಗುತ್ತೆ. ಮುಂದೆ ಕೂರಬೇಡ.’

‘ಬಯ’ಕ್ಕೆ ಕೆಂಪು ಸುತ್ತು. ಪಕ್ಕದಲ್ಲಿ ನಮ್ಮದೇ ದುಂಡಾದ ಅಕ್ಷರದಲ್ಲಿ ‘ಭಯ’. ಬಕಾರಕ್ಕೆ ಮಹಾಪ್ರಾಣ ಕೊಟ್ಟಿದ್ದೆವು. ಮಗುವಿನ ಭಯ ನಮಗೆ ಕಂಡಿರಲೇ ಇಲ್ಲ. ಪ್ರತಿ ಶನಿವಾರವೂ ಅವಳು ಬಾಗಿಲಲ್ಲಿ ನಿಂತು ಕಾಯುತ್ತಿದ್ದುದು ತಿಂಡಿಯ ಪೊಟ್ಟಣಕ್ಕಾಗಿ ಎಂದು ತಿಳಿದಿದ್ದೆವು.

ಕನ್ನಡದಲ್ಲಿ ಉಕ್ಕಡ ಎಂದರೆ ಊರ ಹೊರಗಿನ ಕಾವಲುಕಟ್ಟೆ. ಬಂದವರನ್ನು ತಡೆದು, ಗಂಟು ಬಿಚ್ಚಿಸಿ ನೋಡುವ ಜಾಗ. ಉಕ್ಕಡದ ನಮ್ಮ ಮನೆಯಲ್ಲಿ ನಾವೇ ಆ ಕಾವಲುಗಾರರಾಗಿ ಕುಳಿತು, ಮಗಳು ತಂದ ಗಂಟನ್ನು ಬಿಚ್ಚಿಸಿ, ಸುಂಕ ವಸೂಲು ಮಾಡಿ, ಗಂಟಿನಲ್ಲಿ ಏನಿತ್ತೆಂದು ನೋಡದೆ ಕಳಿಸಿದ್ದೆವು.

ಮರುದಿನ ಅವಳಿಗೆ ಏನನ್ನೂ ಹೇಳಲಿಲ್ಲ. ಹೇಳುವ ಬದಲು ಆ ಪತ್ರಕ್ಕೆ ಉತ್ತರ ಬರೆದೆವು, ಎರಡು ವರ್ಷ ತಡವಾಗಿ. ಡ್ರೈವರು ಪ್ರತಿ ತಿರುವಿನಲ್ಲೂ ಹೇಗೆ ಹಾರನ್ ಹೊಡೆಯುತ್ತಾರೆ, ಎದುರಿಗೆ ಲಾರಿ ಬಂದರೆ ಯಾರು ಹಿಂದಕ್ಕೆ ಸರಿಯುತ್ತಾರೆ, ನಾವು ಕೂರುವುದು ಹಿಂದಿನಿಂದ ಮೂರನೆಯ ಸೀಟಿನಲ್ಲಿ, ಒಮ್ಮೆ ಆನೆ ರಸ್ತೆಯಲ್ಲಿ ನಿಂತು ಅರ್ಧ ಗಂಟೆ ಬಸ್ಸು ನಿಲ್ಲಿಸಿದ್ದು, ಆಗ ನಮಗೂ ಭಯವಾದದ್ದು, ಇಷ್ಟನ್ನು ಬರೆದು, ಅವಳ ಪೆನ್ಸಿಲ್ ಡಬ್ಬಿಯಲ್ಲಿಟ್ಟು ಬಸ್ಸು ಹತ್ತಿದೆವು. ಮೂರು ವಾರ ಉತ್ತರವಿಲ್ಲ. ನಾವೂ ಕೇಳಲಿಲ್ಲ. ನಾಲ್ಕನೆಯ ವಾರ ಬೆಟ್ಟಕ್ಕೆ ಬಂದು ಬುತ್ತಿಚೀಲ ಬಿಚ್ಚಿದಾಗ ಒಂದು ಚೀಟಿ: ‘ಆನೆ ಯಷ್ಟನೇ ತಿರುವಲ್ಲಿ ನಿಂತಿತ್ತು?’

‘ಯಷ್ಟನೇ’ ಎಂದಿತ್ತು. ಕೆಂಪು ಪೆನ್ನು ಜೇಬಿನಲ್ಲೇ ಉಳಿಯಿತು. ‘ಎಷ್ಟನೆಯದೋ ಲೆಕ್ಕ ತಪ್ಪಿತು ಮರಿ, ಒಂಬತ್ತೋ ಹತ್ತೋ ಇರಬೇಕು. ಆನೆ ಎಷ್ಟು ದೊಡ್ಡದಿತ್ತು ಗೊತ್ತೆ?’ ಎಂದು ಉತ್ತರಿಸಿದೆವು. ಹೀಗೆ ಚೀಟಿಗಳ ವ್ಯವಹಾರ ಶುರುವಾಯಿತು. ಐದಾರು ಚೀಟಿಗಳಾಗುವಷ್ಟರಲ್ಲಿ ಅವಳೇ ‘ಎಷ್ಟು’ ಎಂದು ಬರೆಯತೊಡಗಿದಳು. ಯಾರೂ ತಿದ್ದಿರಲಿಲ್ಲ, ನಮ್ಮ ಉತ್ತರದಲ್ಲಿ ಆ ಪದವನ್ನು ಕಂಡಿದ್ದಳು, ಅಷ್ಟೆ. ೨೦೨೪ರ ಆಗಸ್ಟ್ ೯ರಂದು ಮೇಲ್ಸೇತುವೆ ತೆರೆಯಿತು. ಆ ವಾರ ಚೀಟಿಯ ಬದಲು ಎರಡು ಪುಟ ಬಂದವು. ಸೇತುವೆಯ ಮೇಲಿನಿಂದ ಪೆರಿಯಕುಳದ ನೀರು ಹೇಗೆ ಕಾಣುತ್ತದೆ, ತಮ್ಮ ಮಹಡಿ ಎಷ್ಟು ಸಣ್ಣದು, ಅದರ ಮೇಲೆ ಒಣಹಾಕಿದ ಅಜ್ಜಿಯ ಸೀರೆಯನ್ನು ಬಸ್ಸಿನಲ್ಲಿದ್ದ ಯಾರೋ ಅಪರಿಚಿತರು ನೋಡಿಬಿಟ್ಟರೆಂದು ತನಗೆ ನಾಚಿಕೆಯಾದದ್ದು, ಎಲ್ಲ ಇದ್ದವು. ‘ಕಂಬಗಳಿಗೆ ತಲೆ ಬಂತು ಅಂತ ಅಜ್ಜಿಗೆ ಹೇಳಿದೆ’ ಎಂದು ಮುಗಿಸಿದ್ದಳು.

ಪೋಷಕರೇ, ಇಷ್ಟು ಹೇಳಿದ ಮೇಲೆ ನಿಮ್ಮ ಪ್ರಶ್ನೆಗೆ ಬರುತ್ತೇವೆ. ಮನೆಯಲ್ಲಿ ಮಕ್ಕಳಿಂದ ಏನು ಬರೆಸಬೇಕು? ನಮಗೆ ತಿಳಿದ ಮಟ್ಟಿಗೆ, ಬರೆಸುವುದಕ್ಕಿಂತ ಮೊದಲು ಓದುವವರಾಗಬೇಕು. ಮಗು ಒಂದು ಸಾಲು ತಂದು ತೋರಿಸಿದರೆ ಆ ಸಾಲಿನಲ್ಲಿರುವ ಸಂಗತಿಯನ್ನು ಕುರಿತು ಕೇಳಿ. ಹಸು ಕರು ಹಾಕಿತು ಎಂದು ಬರೆದಿದ್ದರೆ ‘ಕರು ಎದ್ದು ನಿಲ್ಲಲು ಎಷ್ಟು ಹೊತ್ತಾಯಿತು?’ ಎನ್ನಿ. ಆಗ ಎರಡನೆಯ ಸಾಲು ಹುಟ್ಟುತ್ತದೆ. ‘ಅಕ್ಷರ ದುಂಡಗಿಲ್ಲ’ ಎಂದರೆ ಮೊದಲನೆಯ ಸಾಲೂ ಒಣಗುತ್ತದೆ. ಓದು ಬಾರದ ತಾಯಂದಿರು ಇದರಲ್ಲಿ ಹಿಂದೆ ಬೀಳಬೇಕಾಗಿಲ್ಲ. ‘ನೀನೇ ಓದಿ ಹೇಳು, ಕೇಳ್ತೀನಿ’ ಎಂದರೆ ಸಾಕು. ನಮ್ಮ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಓದು ಬಾರದವರೇ ಎಂಬುದನ್ನು ಮರೆಯಬಾರದು.

‘ತಪ್ಪು ತಿದ್ದದೆ ಬಿಟ್ಟರೆ ಭಾಷೆ ಕೆಡುವುದಿಲ್ಲವೇ?’ ಎಂದು ಕೆಲವರು ಕೇಳಬಹುದು. ಯೋಗ್ಯವಾದ ಪ್ರಶ್ನೆ. ಕಾಗುಣಿತ, ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣಗಳು ಬೇಡವೆಂದು ನಾವು ಹೇಳುವುದಿಲ್ಲ. ಅದಕ್ಕಾಗಿಯೇ ನಮಗೆ ಸಂಬಳ ಕೊಡುತ್ತಾರೆ. ಶಾಲೆಯ ಪುಸ್ತಕದಲ್ಲಿ ತಿದ್ದುತ್ತೇವೆ, ಮುಂದೆಯೂ ತಿದ್ದುತ್ತೇವೆ. ಆದರೆ ಮನೆಯ ಪುಸ್ತಕ ಬೇರೆ. ಅಲ್ಲಿ ತಪ್ಪು ಒಂದು ವಾರ ಕಾದರೆ ಏನೂ ಕೆಡುವುದಿಲ್ಲ. ಹೇಳಬೇಕೆಂಬ ಆಸೆ ಮಾತ್ರ ಒಂದು ವಾರ ಕಾಯುವುದಿಲ್ಲ. ತಿದ್ದಲೇಬೇಕೆನಿಸಿದರೆ ನಿಮ್ಮ ಉತ್ತರದಲ್ಲಿ ಆ ಪದವನ್ನು ಸರಿಯಾಗಿ ಬರೆದುಬಿಡಿ. ಮಕ್ಕಳ ಕಣ್ಣು ನಾವು ತಿಳಿದದ್ದಕ್ಕಿಂತ ಚುರುಕು.

ಮನೆಮಾತಿನ ವಿಷಯದಲ್ಲಿಯೂ ಹೀಗೆಯೇ. ನಮ್ಮ ಕಡೆಯ ಮಕ್ಕಳ ಕನ್ನಡದಲ್ಲಿ ತಮಿಳು ಬೆರೆತಿರುತ್ತದೆ. ೨೦೦೬ರ ಕಾಯ್ದೆಯ ನಂತರ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಲಿಕೆ ಹಂತಹಂತವಾಗಿ ಬಂದಿದೆ. ಎರಡು ಲಿಪಿಗಳೂ ಒಂದೇ ಪುಟ್ಟ ಕೈಯಲ್ಲಿ ಕುಳಿತಿವೆ. ‘ನಮ್ಮದು ಒಳ್ಳೆ ಕನ್ನಡ ಅಲ್ಲ ಸಾರ್’ ಎಂದು ಮಕ್ಕಳೇ ಹೇಳುವುದನ್ನು ಕೇಳಿದ್ದೇವೆ. ಯಾರು ಹೇಳಿದರೋ ತಿಳಿಯದು. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರಿಗೆ ೧೯೮೩ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಕನ್ನಡದ ‘ಚಿಕವೀರ ರಾಜೇಂದ್ರ’ಕ್ಕೆ. ಬೇಂದ್ರೆಯವರ ಮನೆಮಾತು ಮರಾಠಿ. ೧೯೭೩ರಲ್ಲಿ ‘ನಾಕುತಂತಿ’ಗೆ ಅದೇ ಪ್ರಶಸ್ತಿ. ಎರಡು ಮಾತುಗಳ ನಡುವೆ ಬೆಳೆದದ್ದು ಅವರಿಗೆ ಅಡ್ಡಿಯಾಗಲಿಲ್ಲ. ಮಗು ‘ಪಾಲಂ’ ಎಂದು ಬರೆದರೆ ಬರೆಯಲಿ. ಸೇತುವೆ ಎಂಬ ಪದ ಇಂದಲ್ಲ ನಾಳೆ ಬರುತ್ತದೆ.

ಬರೆಯಲು ಏನೂ ತೋಚುವುದಿಲ್ಲ ಎನ್ನುವ ಮಕ್ಕಳಿಗೆ ಒಂದೆರಡು ಆಟಗಳನ್ನು ಹೇಳುತ್ತೇವೆ. ನಮ್ಮ ಮನೆಯಲ್ಲಿ ಆಡಿ ನೋಡಿದವು. ಹಿಂದೆ ‘ಚಂದಮಾಮ’ದಲ್ಲಿ ತಿಂಗಳಿಗೊಮ್ಮೆ ಎರಡು ಫೋಟೋಗಳನ್ನು ಅಚ್ಚು ಹಾಕಿ, ಎರಡಕ್ಕೂ ಹೊಂದುವಂತೆ ಜೋಡಿ ಶೀರ್ಷಿಕೆ ಬರೆಯಿರೆಂದು ಓದುಗರನ್ನು ಕೇಳುತ್ತಿದ್ದರು. ಹಳೆಯ ಕ್ಯಾಲೆಂಡರಿನಿಂದಲೋ ವೃತ್ತಪತ್ರಿಕೆಯಿಂದಲೋ ಎರಡು ಚಿತ್ರ ಕತ್ತರಿಸಿ ಊಟದ ಮುಂಚೆ ಇದನ್ನು ಆಡಬಹುದು. ಬರೆಯಬೇಕಾದದ್ದು ಎರಡೇ ಪದ. ಯಾವ ಮಗುವೂ ಹೆದರುವುದಿಲ್ಲ. ಇನ್ನೊಂದು ಆಟ ಇಟಲಿಯ ಜಾನ್ನಿ ರೊದಾರಿ (೧೯೨೦–೧೯೮೦) ಎಂಬುವರದು. ಅವರೂ ಮೊದಲು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು; ಮಕ್ಕಳ ಕತೆ ಹೇಗೆ ಹುಟ್ಟುತ್ತದೆ ಎಂಬುದನ್ನು ಕುರಿತು ೧೯೭೩ರಲ್ಲಿ ಪುಸ್ತಕ ಬರೆದರು. ಸಂಬಂಧವೇ ಇಲ್ಲದ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟರೆ ಅವುಗಳ ನಡುವೆ ಕತೆ ತಾನಾಗಿ ಹುಟ್ಟುತ್ತದೆ ಎಂಬುದು ಅವರ ಮಾತು. ನಾವು ಡಬ್ಬಿಯಲ್ಲಿ ಚೀಟಿಗಳನ್ನು ಹಾಕಿ ಎತ್ತಿಸಿದೆವು. ಒಂದು ರಾತ್ರಿ ‘ಮೀನು’, ‘ಮೇಲ್ಸೇತುವೆ’ ಎಂಬ ಪದಗಳು ಬಂದವು. ಉಕ್ಕಡದ ಮೀನುಮಾರುಕಟ್ಟೆಯಿಂದ ತಪ್ಪಿಸಿಕೊಂಡ ಮೀನೊಂದು ಪಾಲಕ್ಕಾಡಿನ ಬಸ್ಸು ಹತ್ತಿ ಸಮುದ್ರಕ್ಕೆ ಹೊರಟು, ಟಿಕೆಟ್ಟಿಗೆ ಚಿಲ್ಲರೆಯಿಲ್ಲದೆ ಕಂಡಕ್ಟರನೊಡನೆ ಜಗಳವಾಡಿದ ಕತೆಯನ್ನು ಮನೆಮಂದಿಯೆಲ್ಲ ಸೇರಿ ಕಟ್ಟಿದೆವು. ಅಜ್ಜಿಯೇ ಮೀನಿಗೆ ಚಿಲ್ಲರೆ ಕೊಡಿಸಿದರು.

ಅಜ್ಜಿಯಂದಿರು ಇರುವ ಮನೆಗೆ ಬೇರೆ ಪುಸ್ತಕ ಬೇಕಾಗಿಲ್ಲ. ಅವರು ಹೇಳಿದ ಕತೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ; ಮುಕ್ತಾಯವನ್ನು ಬದಲಾಯಿಸಲಿ. ಉಪ್ಪಿನಕಾಯಿ ಹಾಕುವ ಬಗೆ, ಮಗ್ಗಕ್ಕೆ ಹಾಸು ಕಟ್ಟುವ ಬಗೆ, ರಾಗಿ ಹೊಲಕ್ಕೆ ಆನೆ ಬಂದ ರಾತ್ರಿ ಯಾರು ತಮಟೆ ಬಡಿದರು ಎಂಬುದು, ಇವೆಲ್ಲವೂ ಬರಹವೇ. ದೊಡ್ಡವರೂ ಮಕ್ಕಳ ಕಣ್ಣೆದುರಿಗೆ ಏನಾದರೂ ಬರೆಯಬೇಕು, ಹಾಲಿನ ಲೆಕ್ಕವಾದರೂ ಸರಿ. ಮನೆಯಲ್ಲಿ ಯಾರೂ ಬರೆಯದೆ ಮಗುವಿಗೆ ಮಾತ್ರ ಬರೆ ಎಂದರೆ ಅದಕ್ಕೆ ಅದು ಶಿಕ್ಷೆಯಾಗಿಯೇ ಕಾಣುತ್ತದೆ. ಇನ್ನೊಂದು ಮಾತು: ಮಗು ತೋರಿಸಲು ಒಲ್ಲದ ಪುಟವನ್ನು ಕದ್ದು ಓದಬೇಡಿ, ನೆಂಟರ ಮುಂದೆ ಓದಿಸಲೂ ಬೇಡಿ. ನಾವು ನಾಲ್ವರ ಮುಂದೆ ನಕ್ಕ ನಗೆಯ ಬೆಲೆ ಎಷ್ಟಾಯಿತೆಂದು ನಮಗೆ ಗೊತ್ತು.

ವಿದ್ಯಾರ್ಥಿ ಮಿತ್ರರೇ, ನೀವೆಲ್ಲರೂ ಕವಿಗಳಾಗಬೇಕೆಂದು ನಮ್ಮ ಆಸೆಯಲ್ಲ. ನಿಮ್ಮಲ್ಲಿ ಬಹುಮಂದಿ ಒಕ್ಕಲುತನಕ್ಕೆ, ಅಂಗಡಿಗೆ, ತಿರುಪ್ಪೂರಿನ ಬನಿಯನ್ ಕಂಪೆನಿಗಳಿಗೆ, ಆಸ್ಪತ್ರೆಗಳಿಗೆ, ಕಚೇರಿಗಳಿಗೆ ಹೋಗುವವರು. ಎಲ್ಲಿಗೆ ಹೋದರೂ ಮನೆಯಿಂದ ದೂರವಿರುವ ರಾತ್ರಿಗಳು ಬರುತ್ತವೆ. ಬಾಯಿಬಿಟ್ಟು ಹೇಳಲಾರದ ಮಾತುಗಳು ಬರುತ್ತವೆ. ‘ಮುಂದೆ ಕೂರಬೇಡ’ ಎಂಬುದನ್ನು ನಮ್ಮ ಮಗಳು ಎದುರಿಗೆ ನಿಂತು ಹೇಳಲಾರದೆ ಕಾಗದದಲ್ಲಿ ಬರೆದಳು. ಬರೆಯಲು ಬಂದವರಿಗೆ ಅಷ್ಟೊಂದು ದಾರಿ ಹೆಚ್ಚಾಗಿ ಇರುತ್ತದೆ. ನಿಮ್ಮ ಮೇಷ್ಟ್ರು ಸುಂಕದವರಂತೆ ಕಂಡರೆ ಅದು ನಮ್ಮ ತಪ್ಪು. ಅದಕ್ಕಾಗಿ ಗೈಡಿನ ಜಾತ್ರೆಗೆ ಹೋಗಬೇಡಿ. ನಿಮ್ಮೂರ ಜಾತ್ರೆಗೇ ಹೋಗಿ ಬನ್ನಿ.

ಗುಮಟಾಪುರದ ಆ ಹುಡುಗ ಈ ಸಂಚಿಕೆಗೆ ಎರಡು ಪುಟ ಬರೆದುಕೊಟ್ಟಿದ್ದಾನೆ. ಅಚ್ಚಿಗೆ ಕಳಿಸುವ ಮುನ್ನ ನಾಲ್ಕು ಕಡೆ ಒತ್ತಕ್ಷರ ಸರಿಪಡಿಸಿದ್ದೇವೆ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಒಪ್ಪಿಗೆ ಪಡೆದು. ‘ಮಾವ’ ಎಂದಿದ್ದ ಕಡೆ ಹೆಸರನ್ನು ಬಿಡಿಸಬೇಕೆಂದು ಅವನೇ ಕೇಳಿದ; ಬಿಡಿಸಿದೆವು. ಕೆಳಗೆ ಅವನ ಹೆಸರು, ತರಗತಿ, ವಿಭಾಗಗಳಿವೆ. ‘ಸಂಗ್ರಹ’ ಎಂಬ ಪದ ಇಲ್ಲ. ಮನೆಯಲ್ಲಿ ಅವನ ಪುಟವನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಲಿ, ಮನೆಮಂದಿಯೆಲ್ಲ ಕೇಳಲಿ. ಮುಂದಿನ ವರ್ಷದ ಸಂಚಿಕೆಗೆ ನಿಮ್ಮ ಪುಟ ಯಾವುದೆಂದು ಅಲ್ಲಿಯೇ ಹೊಳೆದೀತು.